ಹಿಂದಿನ ಸೈಕಲ್ಲಿನ ಬೆಲ್ಲು

೯ ಅಕ್ಟೋಬರ್, ಮಂಗಳವಾರ

ಪ್ರೀತಿಯ ಗುಬ್ಬಚ್ಚಿಗೆ,

ಅಮ್ಮನ ಆಶೀರ್ವಾದಗಳು. ನಿನ್ನ ಪತ್ರ ಬಂದು ಬಹಳ ದಿನವಾಯಿತು. ತಡವಾದದ್ದಕ್ಕೆ ಕೈನೋವು, ಕನ್ನಡಕ, ಅಂಚೆಯವನು ಎಂದು ಒಂದಿಷ್ಟು ನೆಪ ತಯಾರಿಸಿಟ್ಟಿದ್ದೆ. ಎಲ್ಲವೂ ನನ್ನ ವಿದ್ಯಾರ್ಥಿಗಳು ಬಳಸಿ ಸವೆಸಿದವೇ ಆದ್ದರಿಂದ ಮರ್ಯಾದೆಯಾಗಿ ಕ್ಷಮೆ ಕೇಳಿಬಿಡುತ್ತೇನೆ. ಬರೆಯುವುದಕ್ಕಲ್ಲ ಕಷ್ಟ, ಕೂರುವುದಕ್ಕೆ. ಬೆಳಗಿನಿಂದ ಈ ಮೇಜನ್ನು ಕಿಟಕಿಯ ಹತ್ತಿರ ಎಳೆದೆ, ಬಿಸಿಲು ಹೆಚ್ಚಾಯಿತೆಂದು ಗೋಡೆಗೆ ತಳ್ಳಿದೆ, ಈಗ ಕೋಣೆಯ ನಟ್ಟನಡುವೆ ನಿಲ್ಲಿಸಿಕೊಂಡಿದ್ದೇನೆ. ಕೆಳಗಿನ ಅಂಗಡಿಯ ದರ್ಜಿ ಮೆಟ್ಟಿಲ ಬುಡದಿಂದ ಕೂಗಿದ: "ಏನ್ ಮೇಡಂ, ಮನೆ ಖಾಲಿ ಮಾಡ್ತಿದ್ದೀರಾ?" "ಇಲ್ಲಪ್ಪ, ತಲೆ ಖಾಲಿ ಮಾಡ್ತಿದ್ದೀನಿ" ಎಂದೆ. ನಗಲಿಲ್ಲ. ಅಳತೆ ಮೀರಿದ ಹಾಸ್ಯ ದರ್ಜಿಗಳಿಗೆ ಹಿಡಿಸುವುದಿಲ್ಲ.

ನೀನು ಬರೆದಿದ್ದೆ: "ಅಪ್ಪ ಅಲ್ಲಿಗೇ ಬಂದು ನಿನ್ನ ಜೊತೆ ಇರಲಾ ಅಂತ ಕೇಳ್ತಿದ್ದಾರೆ. ಹೂಂ ಅಥವಾ ಬೇಡ. ಒಂದೇ ಪದದಲ್ಲಿ ಬರಿ ಅಮ್ಮ, ದಯವಿಟ್ಟು ತಮಾಷೆ ಬೇಡ." ಜೀವಮಾನವಿಡೀ 'ಒಂದು ಪದದಲ್ಲಿ ಉತ್ತರಿಸಿ' ಎಂದು ಪ್ರಶ್ನೆಪತ್ರಿಕೆ ತೆಗೆದವಳಿಗೆ ಮಗಳೇ ಪರೀಕ್ಷಕಿ! ಒಂದು ಅಂಕದ ಪ್ರಶ್ನೆಗೆ ಪುಟಗಟ್ಟಲೆ ಗೀಚುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಉತ್ತರ ಗೊತ್ತಿಲ್ಲದವರೇ ಹಾಗೆ ಬರೆಯುವುದು ಎನ್ನುತ್ತಿದ್ದೆ. ಸರಿಯಾಗಿಯೇ ಹೇಳುತ್ತಿದ್ದೆ. ಈಗ ಓದು.

ಹೋದ ವರ್ಷ ನಾನು ನಿಮ್ಮಪ್ಪನನ್ನು ಬಿಟ್ಟುಬಂದ ಬಗೆ ನಿನಗೆ ಗೊತ್ತೇ ಇದೆ. ಜಗಳವಿಲ್ಲ, ಕೂಗಾಟವಿಲ್ಲ. ಮದುವೆಮನೆಯಿಂದ ಹಿಂತಿರುಗಿ ನಮ್ಮೂರ ನಿಲ್ದಾಣದಲ್ಲಿ ಇಳಿದೆವು. ಅವರು ಎರಡೂ ಚೀಲ ಹಿಡಿದು ಎಂದಿನಂತೆ ಮುಂದೆ ನಡೆದರು. ನಾನು ಎಂದಿನಂತೆ ಹಿಂದೆ ನಡೆಯಲಿಲ್ಲ. ನಿಂತೆ. ತಿರುಗಿ ನೋಡುತ್ತಾರೇನೋ ಎಂದು ಕಾದೆ. ಅವರ ಬೆನ್ನು ಗೇಟು ದಾಟಿತು. ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಹೊರಡಲು ನಿಂತಿದ್ದ ಗಾಡಿ ಹತ್ತಿದೆ. ಅದರ ಕೊನೆಯ ನಿಲ್ದಾಣ ಈ ಊರಾಗಿತ್ತು, ಅಷ್ಟೇ. ಸರ್ವೆ ಇಲಾಖೆಯವರನ್ನು ಕಟ್ಟಿಕೊಂಡ ಮೇಲೆ ಇದೆಲ್ಲ ಇದ್ದದ್ದೇ ಎಂದು ನಿನ್ನಜ್ಜಿ ಹೇಳುತ್ತಿದ್ದಳು. ಮುಂದೆ ಹೋಗಿ ಕೋಲು ನೆಡುವುದು ಅವರ ಕೆಲಸ, ಹಿಂದೆ ಉಳಿದು ಅಳತೆಯ ಸರಪಳಿ ಹಿಡಿಯುವುದು ನಮ್ಮದು. ನಿಮ್ಮಪ್ಪನ ಬೆನ್ನಿನ ಮೇಲೆ ನಾನು ಪ್ರೌಢಪ್ರಬಂಧ ಬರೆಯಬಲ್ಲೆ. ಮುಖದ ಬಗ್ಗೆ ಒಂದು ಟಿಪ್ಪಣಿಗಾಗುವಷ್ಟೂ ಸಾಮಗ್ರಿ ಇಲ್ಲ.

ಇಲ್ಲಿಗೆ ಬಂದ ಮೇಲೆ ಎರಡು ಕೋಣೆಯ ಮನೆಯೂ ದೊಡ್ಡದೆನಿಸಿತು, ಇಡೀ ಊರೂ ಸಾಲದೆನಿಸಿತು. ಒಳಗಿದ್ದರೆ ಹೊರಗೆ ಹೋಗಬೇಕು, ಹೊರಗಿದ್ದರೆ ಇನ್ನೂ ಹೊರಗೆ. ಹಾಗೆ ಅಲೆಯುತ್ತಿದ್ದಾಗ ನಿಲ್ದಾಣದ ಹಿಂಬದಿಯಲ್ಲಿ ಬಾಡಿಗೆ ಸೈಕಲ್ಲಿನ ಅಂಗಡಿ ಸಿಕ್ಕಿತು. ಊರು ಚಿಕ್ಕದಾದರೂ ಅದರ ಬೆನ್ನಿಗೆ ಒಳ್ಳೆಯ ದಾರಿಗಳಿವೆ ಕಣೆ. ಹಳೇ ರೈಲುಹಳಿ ಕಿತ್ತ ಜಾಡು ಮನೆಗಳ ಹಿತ್ತಿಲಗೋಡೆ ಸವರಿಕೊಂಡು ಹೋಗಿ, ಕೆರೆ ಸುತ್ತಿ, ಮತ್ತೆ ಅಂಗಡಿಯ ಬಾಗಿಲಿಗೇ ಬಂದು ಸೇರುತ್ತದೆ. ಒಂದು ನರಪಿಳ್ಳೆ ಇರುವುದಿಲ್ಲ. ಒಣಗಲು ಹಾಕಿದ ಬಟ್ಟೆ, ಜೊಂಡು, ನೀರಕೋಳಿ.

ಅಂಗಡಿಯಾಕೆಗೆ ನಾನಿಟ್ಟ ಹೆಸರು ಪಂಕ್ಚರಮ್ಮ. ಯಾರ ಜಂಬಕ್ಕಾದರೂ ಮೊದಲ ಮಾತಿನಲ್ಲೇ ಮೊಳೆ ಚುಚ್ಚುತ್ತಾಳೆ. ಮೊದಲ ದಿನ ಒಂದು ಸೈಕಲ್ ಕೇಳಿದೆ.

"ಒಂದು ಕೊಡಲ್ಲ ಮೇಡಂ. ಇಲ್ಲಿ ಜೋಡಿಗೆ ಮಾತ್ರ."

"ಜೋಡಿ ಬಿಟ್ಟು ಬಂದಿದ್ದೀನಮ್ಮ."

"ಹಾಗಾದ್ರೆ ಬೆಂಚ್ ಮೇಲೆ ಕೂತ್ಕೊಳ್ಳಿ. ಇನ್ನೊಬ್ರು ಬಿಟ್ಟು ಬರೋವರೆಗೂ."

ಅವಳ ಮೈದುನ ಹಿಂದೊಮ್ಮೆ ಒಬ್ಬನೇ ಹೋಗಿ, ಕೆರೆಯ ತಿರುವಿನಲ್ಲಿ ಹಳ್ಳಕ್ಕೆ ಬಿದ್ದು, ಕಾಲು ಮುರಿದುಕೊಂಡು ಇಡೀ ದಿನ ಕೂಗಿದನಂತೆ. ಅಂದಿನಿಂದ ಒಂಟಿಯಾಗಿ ಬಂದವರು ಬೆಂಚಿನ ಮೇಲೆ ಕಾದು, ಇನ್ನೊಬ್ಬ ಒಂಟಿ ಸಿಕ್ಕ ಮೇಲೇ ಹೊರಡಬೇಕು. ಅಷ್ಟೇ ಅಲ್ಲ, ಮುಂದಿನ ಸೈಕಲ್ಲಿಗೆ ಬೆಲ್ಲೇ ಇಲ್ಲ! ಹಿಂದಿನದಕ್ಕೆ ಮಾತ್ರ. "ಮುಂದಿರೋರ ಕೈಗೆ ಬೆಲ್ ಕೊಟ್ರೆ ಸುಮ್ನೆ ಬಾರಿಸ್ತಾನೇ ಇರ್ತಾರೆ. ಹಿಂದಿರೋರು ಪ್ರತಿ ತಿರುವಿಗೆ ಒಂದ್ಸಲ ಹೊಡೀರಿ. ಬೆಲ್ ಕೇಳಿಸ್ಲಿಲ್ಲ ಅಂದ್ರೆ ಮುಂದಿರೋರು ನಿಂತು, ತಿರುಗಿ ವಾಪಸ್ ಬರ್ಬೇಕು. ಇಷ್ಟೇ ನನ್ನ ಕಾನೂನು."

ಬೆಂಚಿನ ಕೃಪೆಯಿಂದ ನನಗೆ ಬಗೆಬಗೆಯ ಸಂಗಾತಿಗಳು ಸಿಕ್ಕರು. ಒಬ್ಬ ಹಲ್ಲಿನ ಡಾಕ್ಟರು, ದಾರಿಯುದ್ದಕ್ಕೂ ಬಾಯಿಯೇ ಬಿಡಲಿಲ್ಲ. ಎಲ್ಲರ ಬಾಯಿ ಬಿಡಿಸಿ ಸಾಕಾಗಿತ್ತೇನೋ. ಇನ್ನೊಬ್ಬಳು ಸಂಗೀತದ ಟೀಚರು, ನನ್ನ ಬೆಲ್ಲು ಅಪಶ್ರುತಿ ಎಂದು ತಿರುವು ತಿರುವಿಗೂ ತಿದ್ದಿದಳು. ಇದನ್ನೆಲ್ಲ ಹಿಂದಿನ ಪತ್ರಗಳಲ್ಲಿ ಬರೆದದ್ದು ನಿನಗೊಬ್ಬಳಿಗೇ. ಆದ್ದರಿಂದ ಜುಲೈನ ಒಂದು ಭಾನುವಾರ ಅಂಗಡಿಗೆ ಹೋದಾಗ ಆ ಬೆಂಚಿನ ಮೇಲೆ ಟೋಪಿ ಮಡಿಲಲ್ಲಿಟ್ಟುಕೊಂಡು ನಿಮ್ಮಪ್ಪ ಕೂತಿದ್ದದ್ದು ಹೇಗೆ ಎಂದು ನಾನು ಪತ್ತೇದಾರರನ್ನು ಇಡಬೇಕಾಗಿಲ್ಲ. ಚಾಡಿ ಗುಬ್ಬಚ್ಚಿ!

ಪಂಕ್ಚರಮ್ಮನಿಗೇನು ಗೊತ್ತು. "ಸದ್ಯ, ಬಂದ್ರಲ್ಲ! ಈ ಯಜಮಾನ್ರು ಆಗಿನಿಂದ ಕಾಯ್ತಿದ್ದಾರೆ. ಇವ್ರೂ ಒಂಟಿ, ನೀವೂ ಒಂಟಿ. ಪರಿಚಯ ಮಾಡ್ಕೊಳ್ಳಿ" ಎಂದಳು.

ನಿಮ್ಮಪ್ಪ ಎದ್ದು ನಿಂತು ಕೈ ಮುಗಿದರು. ನಾನೂ ಮುಗಿದೆ. "ಊರಿಗೆ ಹೊಸಬರಾ?" ಎಂದೆ. "ಹೌದು, ದಾರಿ ಗೊತ್ತಿಲ್ಲ" ಎಂದರು. ಗೊತ್ತಿಲ್ಲ ಎಂದು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಆದರೂ ಸೈಕಲ್ ಹತ್ತಿದ್ದೇ ತಡ, ಮುಂದೆ ಹೋದವರು ಅವರೇ.

ಅಂದಿನಿಂದ ಪ್ರತಿ ಭಾನುವಾರ ಬೆಳಗಿನ ಗಾಡಿಗೆ ಬರುತ್ತಾರೆ, ಸುತ್ತು ಮುಗಿಸಿ ಮಧ್ಯಾಹ್ನದ ಗಾಡಿಗೆ ಹೋಗುತ್ತಾರೆ. ಮುಂದೆ ಆ ಬೆನ್ನು, ಹಿಂದೆ ನನ್ನ ಬೆಲ್ಲು. ಬೆಲ್ಲು ಬಿದ್ದರೆ ಸಾಕು, ನಿಶ್ಚಿಂತೆಯಾಗಿ ತುಳಿಯುತ್ತಾರೆ. ಅಂಗಡಿಗೆ ಬಂದ ಮೇಲೆ "ಮೊಣಕಾಲು ಹೇಗಿದೆ?" ಎನ್ನುತ್ತಾರೆ. "ಜೊತೆಗೇ ಇದೆ" ಎನ್ನುತ್ತೇನೆ. ಮುಗಿಯಿತು. ಪಂಕ್ಚರಮ್ಮನಿಗೆ ನಾವೆಂದರೆ ಹೆಮ್ಮೆ. "ನೋಡಿ ಕಲೀರಿ, ಒಂದು ಮಾತಿಲ್ಲ, ಕತೆಯಿಲ್ಲ. ಎಷ್ಟು ಚೆನ್ನಾಗಿ ಹೊಂದ್ಕೊಂಡಿದ್ದಾರೆ!" ಎಂದು ಹೊಸ ಗಿರಾಕಿಗಳಿಗೆ ತೋರಿಸುತ್ತಾಳೆ.

ಅಷ್ಟರಲ್ಲಿ ನಿನ್ನ ಪತ್ರ ಬಂತು. ನನ್ನ ನೆಮ್ಮದಿಯ ಗಾಳಿ ಇಳಿಯಿತು. ಹೂಂ ಎಂದು ಬರೆಯಲು ಕೂತರೆ ಆ ಬೆನ್ನು ಕಣ್ಣಿಗೆ ಬರುತ್ತದೆ. ಬೇಡ ಎಂದು ಬರೆಯಲು ಕೂತರೆ ಮಡಿಲಲ್ಲಿದ್ದ ಟೋಪಿ. ಕೊನೆಗೆ ನೀನು ಕೇಳಿದ್ದಕ್ಕೆ ಅವರಿಂದಲೇ ಉತ್ತರ ತೆಗೆಸೋಣ ಎಂದುಕೊಂಡೆ. ಕಾಲೇಜಿನಲ್ಲಿ ಬೆಲ್ಲಾದ ಮೇಲೆ ಪಾಠ ನಿಲ್ಲಿಸುತ್ತಿದ್ದೆ. ಮೊನ್ನೆ ಭಾನುವಾರ ಬೆಲ್ಲು ನಿಲ್ಲಿಸಿ ಪಾಠ ಶುರುಮಾಡಿದೆ.

ಕೆರೆಯ ಮೊದಲ ತಿರುವಿನಲ್ಲಿ ಕಬ್ಬಿಣದ ಸೇತುವೆಯಿದೆ. ಅಲ್ಲಿ ಇಳಿದು, ಸೈಕಲ್ಲನ್ನು ಕಟಕಟೆಗೆ ಒರಗಿಸಿ ನಿಂತೆ. ನಿಮ್ಮಪ್ಪನ ಬೆನ್ನು ಜೊಂಡಿನ ಆಚೆ ಮರೆಯಾಯಿತು. ನಾನು ಬೆಲ್ ಹೊಡೆಯಲಿಲ್ಲ. ತಿರುಗಿ ಬಂದರೆ ಹೂಂ, ಬಾರದಿದ್ದರೆ ಬೇಡ. ಎಷ್ಟು ಸುಲಭದ ಪ್ರಶ್ನೆಪತ್ರಿಕೆ!

ಬರಲಿಲ್ಲ.

ಕಟಕಟೆಯ ಮೇಲೆ ಕೂತೆ, ಎದ್ದೆ, ಸೇತುವೆಯ ಈ ತುದಿಯಿಂದ ಆ ತುದಿಗೆ ನಡೆದೆ. ಬೆರಳು ತಾನೇ ತಾನಾಗಿ ಬೆಲ್ಲಿನ ಹತ್ತಿರ ಹೋಗುತ್ತಿತ್ತು, ಅದನ್ನು ಸೆರಗಿನಲ್ಲಿ ಸುತ್ತಿ ಹಿಡಿದೆ. ನಾಯಿ ಹಿಡಿದುಕೊಂಡು ಬಂದವನೊಬ್ಬ "ಯಾರಿಗಾದ್ರೂ ಕಾಯ್ತಿದ್ದೀರಾ ಅಮ್ಮಾ?" ಎಂದ. "ಇಲ್ಲಪ್ಪ, ಫಲಿತಾಂಶಕ್ಕೆ" ಎಂದೆ. ನಾಯಿ ಕೂಡ ತಲೆ ಎತ್ತಿ ನೋಡಿತು. ಬಿಸಿಲು ನೀರಿನಿಂದ ಮೇಲೆದ್ದು ಕಣ್ಣಿಗೆ ಬಂತು. ಆಯಿತು, ಫೇಲು, ಎಂದುಕೊಂಡು ಸೈಕಲ್ ತಿರುಗಿಸುತ್ತಿದ್ದೆ. ನನ್ನ ಬೆನ್ನ ಹಿಂದೆ, ನಾವು ಬಂದ ದಾರಿಯಲ್ಲೇ, ಯಾರೋ ಏದುಸಿರು ಬಿಡುತ್ತ ಬರುತ್ತಿರುವುದು ಕೇಳಿಸಿತು.

ನಿಮ್ಮಪ್ಪ! ಅಂಗಿ ಮೈಗೆ ಅಂಟಿತ್ತು. ಟೋಪಿ ಎಲ್ಲೋ ಬಿದ್ದುಹೋಗಿತ್ತು. ಇಡೀ ಕೆರೆ ಸುತ್ತಿ, ಅಂಗಡಿಯ ಮುಂದಿನಿಂದಲೇ ಹಾದು, ಮತ್ತೆ ಮೊದಲಿನಿಂದ ಬಂದಿದ್ದರು.

"ತಿರುಗಿ ಬರ್ಬೇಕು ಅಂತ ಕಾನೂನು ಇರೋದು!" ಎಂದೆ.

"ಬಂದ್ನಲ್ಲ."

"ಹಿಂದಿನಿಂದ ಬಂದ್ರಿ! ಇದು ಯಾವ ಸೀಮೆ ತಿರುಗೋದು?"

"ಸರ್ವೆ ಮಾಡೋವಾಗ್ಲೂ ಹೀಗೇ. ನಡುವಿನಿಂದ ವಾಪಸ್ ಬರೋ ಹಾಗಿಲ್ಲ. ಸುತ್ತಿ ಬಂದು ಅಳತೆನ ಮೊದಲ್ನೇ ಕಲ್ಲಿಗೆ ಸೇರಿಸ್ಬೇಕು." ಹ್ಯಾಂಡಲಿನ ಮೇಲೆ ಹಣೆಯಿಟ್ಟು ಉಸಿರೆಳೆದುಕೊಂಡರು. ಆಮೇಲೆ ಹ್ಯಾಂಡಲಿಗೇ ಹೇಳಿದರು: "ಬೆಲ್ ನಿಂತಿದ್ದು ಗೊತ್ತಾಯ್ತು. ತಿರುಗಿ ನೋಡಿ, ನೀನು ಇಲ್ದೇ ಹೋಗಿದ್ರೆ..."

ಆ ವಾಕ್ಯ ಮುಗಿಯಲಿಲ್ಲ. ಅಪೂರ್ಣ ವಾಕ್ಯಕ್ಕೆ ಅಂಕ ಕೊಟ್ಟವಳಲ್ಲ ನಾನು. ಅಂದು ಕೊಟ್ಟೆನೋ ಇಲ್ಲವೋ ನನಗೇ ತಿಳಿಯದು. ಇಬ್ಬರೂ ಸೈಕಲ್ ತಳ್ಳಿಕೊಂಡು ಅಂಗಡಿಗೆ ಬಂದೆವು. ಪಂಕ್ಚರಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಏನ್ರೀ ಯಜಮಾನ್ರೇ, ಅಂಗಡಿ ಮುಂದೇನೇ ಬೆಂಕಿ ಬಿದ್ದೋರ ಥರ ಹೋದ್ರಿ! ಮೇಡಂನ ಎಲ್ಲಿ ಬಿಟ್ಟಿದ್ರಿ?" ನಿಮ್ಮಪ್ಪ ನನ್ನ ಮುಖ ನೋಡಿದರು. "ಬಿಟ್ಟಿದ್ದು ನಾನಮ್ಮ" ಎಂದೆ.

ಇಷ್ಟೆಲ್ಲ ಬರೆದದ್ದು ಉತ್ತರ ಹೇಳುವುದಕ್ಕೆ. ಹೂಂ ಎನ್ನಲಾರೆ, ಬೇಡ ಎನ್ನಲಾರೆ. ಒಂದೇ ಪದ ಬೇಕಲ್ಲವೇ, ತೆಗೆದುಕೋ: ಭಾನುವಾರ. ಈ ಭಾನುವಾರ ಬರಲಿ, ಆದರೆ ಬೆಲ್ಲಿರುವ ಸೈಕಲ್ ಅವರಿಗೆ. ಮುಂದೆ ಹೋಗುವವಳು ನಾನು. ಮಿಕ್ಕ ಪದಗಳನ್ನು ಆಮೇಲೆ ನೋಡೋಣ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ನಮ್ಮಿಬ್ಬರ ನಡುವೆ ಅಂಚೆಪೆಟ್ಟಿಗೆಯಾಗಿ ತುಕ್ಕು ಹಿಡಿಯಬೇಡ. ಅಳಿಯನಿಗೂ ಆಶೀರ್ವಾದ ತಿಳಿಸು. ಆತ ನಿನ್ನ ಪಕ್ಕದಲ್ಲೇ ನಡೆಯುತ್ತಾನೆಂಬುದನ್ನು ನಾನು ಗಮನಿಸಿದ್ದೇನೆ. ನಿಮ್ಮ ಕಾಲಿಗೆ ಮುಳ್ಳು ಚುಚ್ಚದಿರಲಿ, ಚಕ್ರಕ್ಕೂ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಅಂಗಡಿಗೆ ಸೈಕಲ್ ತಳ್ಳಿಕೊಂಡು ಬರುವಾಗ ನಿಮ್ಮಪ್ಪ ಇನ್ನೊಂದು ವಿಷಯ ಹೇಳಿದರು. ಹೋದ ವರ್ಷ ನಿಲ್ದಾಣದಿಂದ ಮನೆಯವರೆಗೂ ಅವರು ಮಾತಾಡಿಕೊಂಡೇ ನಡೆದರಂತೆ. ಹಿಂದೆ ನಾನಿದ್ದೇನೆಂದು. ಬೀಗ ತೆಗೆದು, "ಚಪ್ಪಲಿ ಒಳಗಿಡು, ಮಳೆ ಬರೋ ಹಾಗಿದೆ" ಎಂದು ತಿರುಗಿದಾಗ ಬೀದಿ ಖಾಲಿಯಿತ್ತಂತೆ. ಒಂದು ಮಾತಿಗಾಗಿ ಅಷ್ಟು ವರ್ಷ ಆ ಬೆನ್ನ ಹಿಂದೆ ನಡೆದವಳು ನಾನು. ಅವರು ಬಾಯಿಬಿಟ್ಟ ದಿನ ನಾನಿರಲಿಲ್ಲ. "ಏನು ಹೇಳ್ತಾ ಇದ್ರಿ ಆವತ್ತು?" ಎಂದು ಕೇಳಿದೆ. "ಏನೋ, ಸುಮ್ನೆ" ಎಂದು ಸೈಕಲ್ ತಳ್ಳುತ್ತ ನಡೆದರು. ಮೊನ್ನೆಯಿಂದ ನನಗೆ ಒಂದು ಕಡೆ ಕೂರಲಾಗುತ್ತಿಲ್ಲ, ಗುಬ್ಬಚ್ಚಿ. ಭಾನುವಾರ ಬೆಲ್ಲು ಹೊಡೆಯದಿದ್ದರೂ ಪರವಾಗಿಲ್ಲ ಎಂದು ಹೇಳು. ಹಿಂದೆ ಬರುತ್ತ ಆವತ್ತು ಆಡಿದ್ದನ್ನೇ ಇನ್ನೊಂದು ಸಲ ಹೇಳಲಿ. ನನಗೆ ಕೇಳಿಸುವಷ್ಟು ಹತ್ತಿರದಲ್ಲಿ ಬರಲಿ.