ಕಿಟಕಿ ಸೀಟಿನ ಮೇಲಿನ ಬ್ಯಾಗು

ಮಾರ್ಚ್ 4, ಸೋಮವಾರ

ಇವತ್ತೂ ಲೇಟು. ಸ್ಟೇಷನ್ನಿನ ಕ್ಯೂ ರಸ್ತೆ ತಿರುವಿನ ತನಕ. ನಾಲ್ಕು ಬಾಗಿಲಲ್ಲಿ ಮೂರಕ್ಕೆ ಬೀಗ, ಒಂದರಲ್ಲಿ ತಪಾಸಣೆ. ಬ್ಯಾಗು ಬಿಚ್ಚು, ಊಟದ ಡಬ್ಬಿ ಬಿಚ್ಚು, ಕೊಡೆ ಬಿಚ್ಚು. ನನ್ನ ಬ್ಯಾಗಿನದಂತೂ ದೊಡ್ಡ ರಾಮಾಯಣ. ಪ್ಲಾಸ್ಟರಿನ ದವಡೆ ಅಚ್ಚುಗಳು, ತಂತಿ ಸುರುಳಿ, ಒಸಡಿಗೆ ಹಾಕುವ ಗುಲಾಬಿ ಬಣ್ಣದ ಪುಡಿ. ಮನೆ ಹತ್ತಿರದ ಕ್ಲಿನಿಕ್ಕಿನಿಂದ ಅಳತೆ ತಗೊಂಡು ಲ್ಯಾಬಿಗೆ ಒಯ್ಯುವುದೂ ನನ್ನ ಪಾಲಿಗೇ ಬಂದಿದೆ. ಕಟ್ಟುಹಲ್ಲು ಮಾಡುವವಳ ಬ್ಯಾಗಿನಲ್ಲಿ ಇನ್ನೇನಿರುತ್ತದೆ.

ಕಾವಲಿನವನು ಒಂದು ದವಡೆ ಎತ್ತಿ ಬೆಳಕಿಗೆ ಹಿಡಿದ.

“ಇದೇನಮ್ಮಾ?”

“ಹಲ್ಲು.”

“ಯಾರದು?”

“ಸದ್ಯ ಯಾರದೂ ಅಲ್ಲ. ಶುಕ್ರವಾರದ ಹೊತ್ತಿಗೆ ಒಬ್ಬರು ಅಜ್ಜಂದು.”

ಹಿಂದಿದ್ದವರು ನಕ್ಕರು. ಅವನಿಗೆ ಸಿಟ್ಟು ಬಂತು. ಪುಡಿಯ ಡಬ್ಬಿಯನ್ನು ಬೇಕಂತಲೇ ನಿಧಾನವಾಗಿ ಮೂಸಿದ. ದಿನಾ ಅದೇ ಮನುಷ್ಯ, ಅದೇ ಪ್ರಶ್ನೆ. ಆರು ನಲವತ್ತರ ಗಾಡಿ ಕಣ್ಣೆದುರೇ ಹೋಯಿತು. ಲ್ಯಾಬಿನಲ್ಲಿ ಮಾಲೀಕರು ಗಡಿಯಾರ ನೋಡಿದರು. ಬೈದಿದ್ದರೇ ವಾಸಿ.

ಸಂಜೆ ಟೀವಿಯಲ್ಲಿ ನಮ್ಮದೇ ಪ್ಲಾಟ್‌ಫಾರ್ಮ್. “ಬಾಂಬಿಗೂ ಜಗ್ಗದ ನಗರದ ಜನ” ಅಂತ ದೊಡ್ಡ ಅಕ್ಷರ. ಜಗ್ಗದೆ ಏನು? ಬೇರೆ ದಾರಿ ಎಲ್ಲಿದೆ? ಬಸ್ಸಿನಲ್ಲಿ ಹೋದರೆ ಎರಡೂವರೆ ಗಂಟೆ. ಧೈರ್ಯ ಅಂತೆ, ಧೈರ್ಯ… ಆಫ್ ಮಾಡಿದೆ. ಇವರು ಮತ್ತೆ ಹಾಕಿದರು.

ಮಾರ್ಚ್ 5, ಮಂಗಳವಾರ

ಇವರದೊಂದು ಹೊಸ ನಿಯಮ. ರೈಲು ಹತ್ತಿದಾಗ ಒಂದು ಮಿಸ್ಡ್ ಕಾಲ್, ಇಳಿದಾಗ ಇನ್ನೊಂದು. ಇಂದು ಇಳಿದಾಗ ಮರೆತೆ. ಲ್ಯಾಬಿನ ಲ್ಯಾಂಡ್‌ಲೈನಿಗೇ ಫೋನ್ ಮಾಡಿ ಮಾಲೀಕರ ಹತ್ತಿರ, “ನನ್ನ ಹೆಂಡತಿ ಇದ್ದಾಳಾ?” ಅಂದರಂತೆ. ಇದ್ದಾಳಾ ಅಂದರೆ ಲ್ಯಾಬಿನಲ್ಲಿ ಇದ್ದಾಳಾ ಅಂತಲೋ, ಇನ್ನೂ ಇದ್ದಾಳಾ ಅಂತಲೋ. ಮನೆಗೆ ಬಂದು ಜಗಳವಾಡಿದೆ. ಆಮೇಲೆ ಪಾಪ ಅನ್ನಿಸಿತು.

ಬೋಗಿಯಲ್ಲಿ ದಿನಾ ಜೊತೆಗೆ ಹೋಗುತ್ತಿದ್ದ ನಮ್ಮವರು ಯಾರೂ ಈಗ ಬರುತ್ತಿಲ್ಲ. ಎಂಟು ವರ್ಷದಿಂದ ಇಂಜಿನ್ನಿನಿಂದ ಮೂರನೇ ಬೋಗಿ, ಬಲಗಡೆ ನಮ್ಮ ಮೂಲೆ. ನಾನು ರೈಲು ಹೊರಡುವ ಸ್ಟೇಷನ್ನಿನಲ್ಲೇ ಹತ್ತುವವಳು. ಹಾಗಾಗಿ ಸೀಟು ಹಿಡಿಯುವುದು ನನ್ನ ಡ್ಯೂಟಿ. ಬ್ಯಾಗು, ಟವೆಲ್, ಕೊಡೆ — ಕೈಗೆ ಸಿಕ್ಕಿದ್ದನ್ನು ಒಂದೊಂದು ಸೀಟಿನ ಮೇಲೆ ಎಸೆಯುವುದು. ಯಾರಾದರೂ ಕೇಳಿದರೆ “ಬರ್ತಾರೆ” ಅನ್ನುವುದು. ಕಿಟಕಿ ಸೀಟಿಗೆ ಮಾತ್ರ ಯಾವಾಗಲೂ ಬ್ಯಾಗು. ಅದು ಬೀಗದಕ್ಕಂದು. ಕಿಟಕಿ ಸಿಗದಿದ್ದರೆ ಅವಳಿಗೆ ವಾಂತಿ. ಶಿಶುವಿಹಾರದ ಬೀಗದಕೈ ಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು ಮೂರನೇ ಸ್ಟೇಷನ್ನಿನಲ್ಲಿ ಝಲ್ ಝಲ್ ಅಂತ ಹತ್ತುತ್ತಿದ್ದಳು. ನನ್ನನ್ನು ಹಲ್ಲುಪುಡಿ ಅಂತ ಕರೆಯಲು ಶುರುಮಾಡಿದವಳೂ ಅವಳೇ.

ಕಳೆದ ತಿಂಗಳು ಬಾಂಬು ಸಿಡಿದ ಸಂಜೆಯ ಗಾಡಿಯಲ್ಲಿ ಅವಳಿದ್ದಳು. ಬಾಂಬು ಇದ್ದ ಬೋಗಿಯ ಹಿಂದಿನದರಲ್ಲಿ. ಮೈಗೆ ಒಂದು ಗೀರೂ ಇಲ್ಲ. ಕಿವಿಯಲ್ಲಿ ಇನ್ನೂ ಗುಂಯ್ ಅನ್ನುತ್ತದಂತೆ. ಅವತ್ತಿನಿಂದ ರೈಲು ಹತ್ತಿಲ್ಲ.

ಯಾವುದೋ ಗುಂಪು ಹೊಣೆ ಹೊತ್ತುಕೊಂಡಿದೆ ಅಂತ ಪೇಪರಿನಲ್ಲಿ. ಹೊಣೆಯಂತೆ. ಬೀಗದಕ್ಕ ಬೆಳಗ್ಗೆ ನಾಲ್ಕಕ್ಕೆ ಎದ್ದು ಎರಡು ಬಸ್ಸು ಬದಲಾಯಿಸುತ್ತಾಳೆ. ಅದರ ಹೊಣೆ ಯಾರು ಹೊತ್ತರು?

ಮಾರ್ಚ್ 8, ಶುಕ್ರವಾರ

ಬೀಗದಕ್ಕನ ಫೋನು. ಅವಳ ಧ್ವನಿಯೇ ಅಲ್ಲ. ಈ ವಾರದಲ್ಲಿ ಮೂರು ಸಲ ತಡ. ಎಂಟಕ್ಕೆ ಶಿಶುವಿಹಾರದ ಗೇಟು ತೆಗೆಯಬೇಕು. ಹೋಗುವಷ್ಟರಲ್ಲಿ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ರಸ್ತೆಯಲ್ಲಿ ನಿಂತಿರುತ್ತಾರೆ. ಒಬ್ಬಳು ಮುಖಕ್ಕೆ ಹೊಡೆದ ಹಾಗೆ ಅಂದಳಂತೆ — “ಹೆದರಿಕೆ ನಮಗೂ ಇದೆ, ನಾವು ಬಂದಿಲ್ವಾ?” ಅಲ್ಲಿನ ಮೇಡಂ ಕರೆದು ಮೆತ್ತಗೆ ಹೇಳಿದ್ದಾರೆ: ಸೋಮವಾರದಿಂದ ಹೊತ್ತಿಗೆ ಸರಿಯಾಗಿ ಬರಬೇಕು, ಇಲ್ಲವಾದರೆ ಬೀಗದಕೈ ಬೇರೆಯವರಿಗೆ.

“ಹತ್ತೊಂಬತ್ತು ವರ್ಷ ಕಣೇ ಹಲ್ಲುಪುಡಿ. ಕೈಲಿ ಕೀ ಇಲ್ದೆ ಆ ಗೇಟಿನ ಮುಂದೆ ನಾನು ಹೇಗೆ ನಿಂತ್ಕೊಳ್ಳಲಿ?”

“ರೈಲಿಗೆ ಬಾ. ನಾನಿದ್ದೀನಲ್ಲ.”

“ನೀನಿದ್ರೆ ಏನಾಗತ್ತೆ? ನೀನೇನು ಪೊಲೀಸಾ?”

ಸಿಟ್ಟು ಬಂತು. ಆದರೆ ಸರಿಯಾಗಿಯೇ ಕೇಳಿದ್ದಳು.

ಮಾರ್ಚ್ 10, ಭಾನುವಾರ

ಅವಳ ಮನೆಗೆ ಹೋಗಿದ್ದೆ. ಬಾಗಿಲು ತೆಗೆದವಳು ಮೊದಲು ನನ್ನ ಬ್ಯಾಗು ನೋಡಿ ಆಮೇಲೆ ನನ್ನನ್ನು ನೋಡಿದಳು. ಈಗ ಎಲ್ಲರೂ ಹೀಗೇ. ಅಡುಗೆಮನೆಯಲ್ಲಿ ಕೂತು ಚಹಾ ಕುಡಿದೆವು. ಕುಕ್ಕರ್ ಕೂಗಿತು. ಅವಳ ಕೈಯ ಲೋಟ ಕೆಳಗೆ. ಒರೆಸುತ್ತಾ ಒರೆಸುತ್ತಾ ಅತ್ತಳು. ನನಗೆ ಯಾರನ್ನಾದರೂ ಹಿಡಿದು ಹೊಡೆಯಬೇಕು ಅನ್ನಿಸಿತು. ಯಾರನ್ನು?

ಕೊನೆಗೆ ಒಪ್ಪಿದಳು. ಷರತ್ತು: ಬೋಗಿಯ ಬಾಗಿಲಲ್ಲಿ ನಾನು ನಿಂತಿರಬೇಕು. ಕೈ ಹಿಡಿದು ಹತ್ತಿಸಬೇಕು. ಇಳಿಯುವ ತನಕ ಬಿಡಬಾರದು.

“ಬಿಡಲ್ಲ,” ಅಂದೆ.

“ಕಿಟಕಿ?”

“ಕಿಟಕಿ ನಿಂದೇ. ಅದಕ್ಕೂ ಅಗ್ರಿಮೆಂಟ್ ಬರೆದು ಕೊಡ್ಲಾ?”

ನಕ್ಕಳು. ಇಷ್ಟು ದಿನದಲ್ಲಿ ಅವಳ ಹಲ್ಲು ಕಂಡಿದ್ದು ಇವತ್ತೇ.

ಮಾರ್ಚ್ 11, ಸೋಮವಾರ, ಬೆಳಗ್ಗೆ 5:30

ಬೇಗ ಎದ್ದೆ. ಕ್ಯೂ ಬೆಳೆಯುವ ಮೊದಲೇ ಹೋಗಬೇಕು. ಎಲ್ಲ ಹಳೆಯ ಹಾಗೇ ಇದೆ ಅಂತ ಅವಳಿಗೆ ಅನ್ನಿಸಬೇಕು. ಹೊರಟೆ.

ಅದೇ ದಿನ, ಸಂಜೆ

ಬರೆಯಲು ಕೂತು ಅರ್ಧ ಗಂಟೆ ಆಯಿತು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಮೂಲೆ ಸಿಕ್ಕಿತು. ಕಿಟಕಿ ಸೀಟಿನ ಮೇಲೆ ಬ್ಯಾಗು ಇಟ್ಟೆ, ಪಕ್ಕದಲ್ಲಿ ನಾನು. ಮೂರನೇ ಸ್ಟೇಷನ್ ಬರುವಾಗ ಎದ್ದು ಬಾಗಿಲಿಗೆ ಹೋದೆ. ಬ್ಯಾಗು ಅಲ್ಲೇ. ಎಂಟು ವರ್ಷದಿಂದ ಅದು ಅಲ್ಲೇ ಇರುತ್ತಿತ್ತು. ಯಾರಾದರೂ ಕೇಳಿದರೆ “ಬರ್ತಾರೆ” ಅನ್ನಲು ನಮ್ಮವರು ಇರುತ್ತಿದ್ದರು. ಈಗ ಒಬ್ಬರೂ ಇಲ್ಲ ಅನ್ನುವುದು ತಲೆಗೇ ಹೋಗಲಿಲ್ಲ.

ಬೀಗದಕ್ಕ ಪ್ಲಾಟ್‌ಫಾರ್ಮಿನಲ್ಲಿ ಬಿಳಿಚಿಕೊಂಡು ನಿಂತಿದ್ದಳು. ಕೈ ಚಾಚಿದೆ. ಹಿಡಿದಳು. ಒಂದು ಕಾಲು ಒಳಗಿಟ್ಟಳು, ಇನ್ನೊಂದು ಇಟ್ಟಳು. ಒಳಗಿನಿಂದ ಯಾರೋ, “ಈ ಬ್ಯಾಗು ಯಾರದು?” ಅಂತ ಕೇಳಿದ್ದು ಕಿವಿಗೆ ಬಿತ್ತು. ನನ್ನನ್ನು ಕೇಳುತ್ತಿದ್ದಾರೆ ಅಂತ ಅನ್ನಿಸಲೇ ಇಲ್ಲ. ಮತ್ತೆ ಕೇಳಿದರು, ಈ ಸಲ ಜೋರಾಗಿ. ಇನ್ನೊಂದು ಧ್ವನಿ, “ಒಳಗೆ ವೈರ್ ಇದೆ.” ಆಮೇಲೆ ಆ ಶಬ್ದ. ಕಿರುಚಾಟ ಅಲ್ಲ. ನೂರು ಜನ ಒಟ್ಟಿಗೆ ಏಳುವ ಶಬ್ದ.

ನಾನು ಕಾಲಿಗೆ ಬುದ್ಧಿ ಹೇಳಿದೆ. ನನ್ನ ಬ್ಯಾಗಿಗೆ ಹೆದರಿ ನಾನೇ ಓಡಿದೆ. ಮೆಟ್ಟಿಲ ಹತ್ತಿರ ಕಂಬಕ್ಕೆ ಒರಗಿ ಏದುಸಿರು ಬಿಡುವಾಗ ಒಬ್ಬಳು ಹೇಳುತ್ತಿದ್ದಳು — “ಮೂರನೇ ಬೋಗಿ, ಬಲಗಡೆ, ಕಿಟಕಿ ಸೀಟಿನ ಮೇಲೆ.” ಆಗ ಗೊತ್ತಾಯಿತು. ಕೈ ನೋಡಿಕೊಂಡೆ. ಬ್ಯಾಗೂ ಇರಲಿಲ್ಲ, ಬೀಗದಕ್ಕನ ಕೈಯೂ ಇರಲಿಲ್ಲ.

ಬಾಗಿಲ ಹತ್ತಿರ ಬಿದ್ದಿದ್ದಳು. ಬಲ ಮಣಿಕಟ್ಟು ಮುರಿದಿದೆ. ಮೇಲೆ ಎಷ್ಟು ಜನ ಹಾದು ಹೋದರೋ. ಕೀ ಗೊಂಚಲನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಸ್ಟ್ರೆಚರ್ ತಂದರು.

ನಾಯಿ ಬಂತು, ದಪ್ಪ ಜಾಕೆಟಿನವರು ಬಂದರು, ಮೂರು ಗಂಟೆ ಲೈನು ಬಂದ್. ಬ್ಯಾಗು ನನ್ನದು ಅಂತ ನಾನೇ ಹೋಗಿ ಹೇಳಿದೆ. ಇನ್‌ಸ್ಪೆಕ್ಟರ್ ಎರಡು ಜೊತೆ ಹಲ್ಲು ಮೇಜಿನ ಮೇಲಿಟ್ಟುಕೊಂಡು ನನ್ನನ್ನೇ ದಿಟ್ಟಿಸಿದರು.

“ನಿಮಗೆ ಬುದ್ಧಿ ಇದೆಯೇನಮ್ಮಾ?”

ಇಲ್ಲ ಅಂದೆ. ಅದಕ್ಕೂ ಬೈದರು. ಎಚ್ಚರಿಕೆ ಕೊಟ್ಟು ಕಳಿಸಿದರು. ಬ್ಯಾಗು ಕೊಡಲಿಲ್ಲ.

ಮಾರ್ಚ್ 12, ಮಂಗಳವಾರ

ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ? ಬ್ಯಾಗು ನೋಡಿ ಕೂಗಿದವಳ ಮೇಲೆ? ಅವಳು ಮಾಡಿದ್ದು ಸರಿ. ಯಾರದೂ ಅಲ್ಲದ ಬ್ಯಾಗು ಕಂಡರೆ ಕೂಗಿ ಹೇಳಿ ಅಂತ ಗೋಡೆಗೋಡೆಗೂ ಅಂಟಿಸಿದ್ದಾರೆ. ಓಡಿದವರ ಮೇಲೆ? ನಾನೇ ಎಲ್ಲರಿಗಿಂತ ಮುಂದೆ. ಆ ಹೊಣೆ ಹೊತ್ತವರು ಎಲ್ಲೋ ಹಾಯಾಗಿ ಕೂತಿದ್ದಾರೆ. ಅವರು ಒಂದು ಸಲ ಇಟ್ಟರು, ಮಿಕ್ಕಿದ್ದನ್ನು ನಾವೇ ದಿನಾ ಮಾಡಿಕೊಳ್ಳುತ್ತಿದ್ದೇವೆ.

ಇವರು, “ಹೋಗಲಿ ಬಿಡು, ಯಾರೂ ಸಾಯಲಿಲ್ಲವಲ್ಲ,” ಅಂದರು. ಸಾಯದಿದ್ದರೆ ಸಾಕಾ? ತಟ್ಟೆ ಬಿಟ್ಟು ಎದ್ದೆ.

ಮಾರ್ಚ್ 15, ಶುಕ್ರವಾರ

ನೋಡಲು ಹೋದೆ. ಮೊಣಕೈ ತನಕ ಪ್ಲಾಸ್ಟರ್. ದಿನಾ ಪ್ಲಾಸ್ಟರ್ ಕಲಸುವವಳಿಗೆ ಅದನ್ನು ನೋಡಲಾಗಲಿಲ್ಲ. ಮೇಡಂ ಒಂದು ವಾರ ರಜೆ ಕೊಟ್ಟಿದ್ದಾರಂತೆ, ಬರುವ ಸೋಮವಾರ ಕೊನೆಯ ಗಡುವು. ಬ್ಯಾಗಿನ ವಿಷಯಕ್ಕೆ ನಾನೇ ಬಂದೆ. ತಪ್ಪಾಯ್ತು ಅಂದೆ.

“ಬ್ಯಾಗಿನ ಮಾತು ಬಿಡು. ಬ್ಯಾಗು ಎಲ್ಲಿಟ್ಟರೆ ನನಗೇನು?”

“ಮತ್ತೆ?”

“ಕೈ ಬಿಟ್ಟೆಯಲ್ಲ.”

ಜನ ನೂಕಿದರು, ಗೊತ್ತಾಗಲಿಲ್ಲ ಅಂತ ಹೇಳತೊಡಗಿದೆ.

“ಗೊತ್ತಾಯ್ತು ಕಣೇ. ನಿನಗೂ ಗೊತ್ತಾಯ್ತು, ನನಗೂ ಗೊತ್ತಾಯ್ತು. ಯಾರೋ ನೂಕಿದ್ರೆ ಕೈ ಜಾರತ್ತೆ. ನೀನು ಬಿಡಿಸ್ಕೊಂಡೆ.”

ಹೌದು. ಬಿಡಿಸಿಕೊಂಡೆ. ಒಂದೊಂದೇ ಬೆರಳು.

ಚಹಾ ಕೊಡಲಿಲ್ಲ. ನಾನೂ ಕೇಳಲಿಲ್ಲ.

ಮಾರ್ಚ್ 18, ಸೋಮವಾರ

ಬ್ಯಾಗು ಇನ್ನೂ ಠಾಣೆಯಲ್ಲೇ. ಮಾಲೀಕರು ಒಂದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬ ಕೊಟ್ಟಿದ್ದಾರೆ. ಅಗಲ, ಹಿಡಿ ಇಲ್ಲ, ಎರಡೂ ಕೈಯಲ್ಲಿ ತಬ್ಬಿಕೊಂಡೇ ಹೋಗಬೇಕು. “ಒಳಗೇನಿದೆ ಅಂತ ಎಲ್ಲರಿಗೂ ಕಾಣಲಿ.” ಕಾಣುತ್ತದೆ. ಎದೆಗೆ ಮೂರು ದವಡೆ ಅವುಚಿಕೊಂಡವಳನ್ನು ಇಡೀ ಬೋಗಿ ನೋಡುತ್ತದೆ. ಒಂದು ಮಗು ಅತ್ತಿತು.

ಮೂರನೇ ಸ್ಟೇಷನ್ನಿನಲ್ಲಿ ಕಿಟಕಿಯಿಂದ ಹಣಕಿದೆ. ಬಂದಿದ್ದಳು. ಕುತ್ತಿಗೆಗೆ ಕಟ್ಟಿದ ಪ್ಲಾಸ್ಟರಿನ ಕೈ, ಒಬ್ಬಳೇ. ನನ್ನ ಬೋಗಿ ಮುಂದೆ ಬಂದಾಗ ನನ್ನನ್ನು ನೋಡಿದಳು. ನೋಡಿ, ಹಿಂದಕ್ಕೆ ನಡೆದು ಐದನೆಯದಕ್ಕೆ ಹತ್ತಿದಳು.

ರೈಲು ಬಿಟ್ಟೇ ಬಿಡುತ್ತಾಳೆ ಅಂತ ಹೆದರಿದ್ದೆ. ರೈಲನ್ನು ಬಿಡಲಿಲ್ಲ.

ಮಾರ್ಚ್ 21, ಗುರುವಾರ

ಮೂರು ದಿನ ಸಹಿಸಿಕೊಂಡೆ. ಇವತ್ತು ಐದನೆಯದಕ್ಕೇ ಹತ್ತಿದೆ. ಸೀಟು ಹಿಡಿಯಲಿಲ್ಲ, ನಿಂತೇ ಇದ್ದೆ. ಅವಳು ಹತ್ತಿದಳು, ನೋಡಿದಳು, ಮುಖ ತಿರುಗಿಸಿದಳು. ನಮ್ಮಿಬ್ಬರ ನಡುವೆ ಎರಡು ಬೆನ್ನು.

ಸೇತುವೆಯ ಮುಂಚೆ ರೈಲು ನಿಂತಿತು. ಲೈಟು ಹೋಯಿತು. ಮೈಕಿನಲ್ಲಿ ಗೊರಗೊರ, ಏನೂ ಅರ್ಥವಾಗಲಿಲ್ಲ. ಯಾರೋ “ಇಳೀರಿ” ಅಂದರು. ಅದೇ ಶಬ್ದ ಶುರುವಾಯಿತು, ಜನ ಏಳುವ ಶಬ್ದ. ನನ್ನ ಕಾಲು ಆಗಲೇ ಬಾಗಿಲ ಕಡೆಗೆ ತಿರುಗಿತ್ತು.

“ಎಲ್ಲರೂ ಕೂತ್ಕೊಳ್ಳಿ.”

ಬೀಗದಕ್ಕ. ಜೋರೂ ಅಲ್ಲ, ಮೆತ್ತಗೂ ಅಲ್ಲ. ಮಕ್ಕಳಿಗೆ ಹೇಳುವ ಧ್ವನಿ.

“ಸೀಟಿಲ್ಲದವರು ನೆಲದ ಮೇಲೆ ಕೂತ್ಕೊಳ್ಳಿ. ಯಾರೂ ನೂಕಬಾರದು. ಬಾಗಿಲ ಹತ್ತಿರ ಇರೋ ಅಂಕಲ್, ನೀವೂ.”

ಕೂತರು. ಟೈ ಕಟ್ಟಿದವನು ಕೂತ. ಅಂಕಲ್ ಕೂತ. ಕತ್ತಲೆಯಲ್ಲಿ ಯಾರೋ ಕಿಸಕ್ ಅಂದರು, “ನಗಬಾರದು” ಅಂದಳು. ನಾನೂ ಡಬ್ಬ ತಬ್ಬಿಕೊಂಡು ನೆಲಕ್ಕೆ ಕೂತೆ. ಅವಳ ಕಾಲಿನ ಹತ್ತಿರ. ಕೀ ಗೊಂಚಲನ್ನು ಸದ್ದಾಗದ ಹಾಗೆ ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದಳು.

ಲೈಟು ಬಂತು. ಸಿಗ್ನಲ್ ತೊಂದರೆಯಂತೆ.

“ಈ ಬೋಗಿಗೆ ಯಾಕೆ ಬಂದೆ?” ಅಂದಳು, ಕೆಳಗೆ ನೋಡದೆ.

“ನಿನ್ನ ಜೊತೆ ಬರೋಣ ಅಂತ.”

“ನಿನ್ನ ಜೊತೆ ಬರಬಾರದು ಅಂತಲೇ ನಾನು ಇಲ್ಲಿ ಹತ್ತೋದು.”

ಡಬ್ಬ ಎತ್ತಿಕೊಂಡು ಎದ್ದು ನಿಂತೆ. ಇಬ್ಬರೂ ಇಳಿಯುವ ಸ್ಟೇಷನ್ ಬಂತು. ತಡವಾಗಿದ್ದಕ್ಕೆ ಎಲ್ಲರೂ ಒಟ್ಟಿಗೇ ನುಗ್ಗಿದರು. ಅವಳು ನನ್ನ ಮುಂದೆ, ಪ್ಲಾಸ್ಟರಿನ ಕೈ ಎದೆಗೆ ಒತ್ತಿಕೊಂಡು. ಬೋಗಿಯ ಮೆಟ್ಟಿಲಲ್ಲಿ ತಡೆದು ನಿಂತಳು. ತಿರುಗಲಿಲ್ಲ. ಎಡಗೈಯನ್ನು ಹಿಂದಕ್ಕೆ ಚಾಚಿದಳು. ಬೆರಳು ಅಗಲಿಸಿ, ಕಾಯುತ್ತಾ.

ನನ್ನ ಎರಡೂ ಕೈಯಲ್ಲಿ ಡಬ್ಬ. ಕೆಳಗಿಟ್ಟು ಬಿಟ್ಟರೆ ಮತ್ತೆ ಜನ ಓಡುತ್ತಾರೆ. ಇಡದಿದ್ದರೆ ಈ ಸಲವೂ ನಾನೇ ಅವಳ ಕೈ ಬಿಟ್ಟ ಹಾಗೆ.