ನಮ್ಮೂರಿನ ಹೆಸರಿಗೆ ನಾವು ಆಧಾರವಲ್ಲವೇ?

ಮಾನ್ಯ ನಿರ್ವಾಹಕರೇ,

ನೀವು ನೋಡಿಕೊಳ್ಳುವ ಅಂತರ್ಜಾಲದ ವಿಶ್ವಕೋಶದಲ್ಲಿ ನಮ್ಮ ಊರು ತಪ್ಪು ಹೆಸರಿನಲ್ಲಿದೆ. ಅದನ್ನು ಸರಿಪಡಿಸಲು ಹೋದ ನನ್ನ ಖಾತೆಯನ್ನು ನೀವು ತಡೆಹಿಡಿದಿದ್ದೀರಿ. ಅಲ್ಲಿ ಬರೆಯುವಂತಿಲ್ಲವಾದ್ದರಿಂದ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ನಿಮ್ಮ ನಿಜವಾದ ಹೆಸರು ನನಗೆ ಗೊತ್ತಿಲ್ಲ. ನೀವೇ ಆರಿಸಿ ಇಟ್ಟುಕೊಂಡ ಹೆಸರಿನಿಂದ ಎಲ್ಲರೂ ನಿಮ್ಮನ್ನು ಕರೆಯುತ್ತಾರೆ, ಅದಕ್ಕೆ ಯಾರೂ ಆಧಾರ ಕೇಳಿಲ್ಲ. ಆ ಭಾಗ್ಯ ನಮ್ಮೂರಿಗೆ ಇಲ್ಲ ಎಂಬುದೇ ನನ್ನ ದೂರು.

ನಾನು ಚನ್ನಗಿರಿಯ ಪದವಿಪೂರ್ವ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಹುಟ್ಟಿ ಬೆಳೆದದ್ದು ಜಗಳೂರು ತಾಲ್ಲೂಕಿನ ಮೈತ್ರಿಪುರದಲ್ಲಿ. ಅದು ಸ್ವಂತ ಸರ್ವೆ ನಂಬರುಗಳಿರುವ ಕಂದಾಯ ಗ್ರಾಮವಲ್ಲ, ಪಕ್ಕದ ದೊಡ್ಡೂರಿಗೆ ಸೇರಿದ ಸಣ್ಣ ಮಜರೆ. ಅದಕ್ಕೆ ಮೊದಲು ಬೇರೆ ಹೆಸರಿತ್ತು. ನಮ್ಮ ಜಾತಿಯನ್ನೂ ನಮ್ಮಿಂದ ಮಾಡಿಸಿಕೊಳ್ಳುತ್ತಿದ್ದ ಕೆಲಸವನ್ನೂ ಸೇರಿಸಿ ಸುತ್ತಲಿನವರು ಇಟ್ಟ ಹೆಸರು. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ, ಈ ಪತ್ರ ಅಚ್ಚಾದ ದಿನವೇ ಆ ಹೆಸರಿಗೆ ನೀವು ಇನ್ನೊಂದು ಆಧಾರ ಸಿಕ್ಕಿತೆಂದು ಬರೆದುಕೊಳ್ಳುತ್ತೀರಿ.

ನನ್ನ ತಾಯಿ ಹೊನ್ನೂರಮ್ಮ ಆ ಕಾಲವನ್ನು ಹೀಗೆ ನೆನೆಯುತ್ತಾಳೆ: “ಕಂಡಕ್ಟರು ಆ ಹೆಸರು ಕೂಗಿದ ಅಂದ್ರೆ ಬಸ್ಸಿನಾಗಿನ ಮಂದಿ ಎಲ್ಲ ತಿರುಗಿ ನೋಡೋರು. ಅದಕ್ಕೇ ಹಿಂದಿನ ಸ್ಟಾಪಿನಾಗೆ ಇಳಕಂಡು, ಕೂಸಿನ್ನ ಸೊಂಟಕ್ಕೆ ಎತ್ತಿಕಂಡು ನಡಕಂತ ಬರ್ತಿದ್ವಿ.” ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಊರಿನ ಅರ್ಧದಷ್ಟು ಮನೆಗಳವರು ಬೌದ್ಧರಾದರು, ಉಳಿದವರು ತಮ್ಮ ದೇವರನ್ನೇ ಇಟ್ಟುಕೊಂಡರು. ಇನ್ನೆಷ್ಟೋ ವಿಷಯಕ್ಕೆ ಜಗಳವಾಡಿದ ಈ ಎರಡೂ ಕಡೆಯವರು ಹೆಸರಿನ ವಿಷಯದಲ್ಲಿ ಮಾತ್ರ ಒಂದಾದರು. ಮೈತ್ರಿಪುರ ಎಂದು ಬೋರ್ಡು ಬರೆಸಿದರು. ಅಂಗನವಾಡಿ, ಹಾಲಿನ ಡೈರಿ, ಮದುವೆ ಪತ್ರಿಕೆ ಎಲ್ಲದರಲ್ಲೂ ಈಗ ಅದೇ ಹೆಸರಿದೆ. ನನ್ನ ವಾರಿಗೆಯವರ ಮಕ್ಕಳಿಗೆ ಹಳೆಯ ಹೆಸರು ಗೊತ್ತೇ ಇರಲಿಲ್ಲ. ಅದನ್ನು ಕಲಿಸಿಕೊಟ್ಟವರು ನೀವು.

ನನ್ನ ಅಕ್ಕನ ಮಗಳು ದುರ್ಗಾಂಬಿಕಾ ದಾವಣಗೆರೆಯಲ್ಲಿ ನರ್ಸಿಂಗ್ ಓದಲು ಸೇರಿದಳು. ಹಾಸ್ಟೆಲಿನಲ್ಲಿ ಹೊಸ ಹುಡುಗಿಯರು ಒಬ್ಬರ ಊರನ್ನೊಬ್ಬರು ಫೋನಿನಲ್ಲಿ ಹುಡುಕಿ ನೋಡುತ್ತಿದ್ದರಂತೆ. ಅವಳು ನನಗೆ ಫೋನು ಮಾಡಿದಾಗ ದನಿ ಸಣ್ಣಗಿತ್ತು. “ಚಿಕ್ಕಮ್ಮ, ದೊಡ್ಡೂರಿನ ಹೆಸರು ಹಾಕಿ ಹುಡುಕಿದ್ರು. ಅದರ ಕೆಳಗೆ ನಮ್ಮೂರು ಬಂತು. ಬೇರೆ ಹೆಸರು ಐತೆ. ಆ ಹೆಸರಿಗೆ ಅರ್ಥಾನೂ ಬರೆದಾರೆ. ಒಬ್ಬಾಕಿ ಎಲ್ಲರ ಮುಂದೆ ಓದಿದ್ಲು.” ಅವಳು ಅಳಲಿಲ್ಲ. “ಈಗ ಯಾರಾದ್ರೂ ಕೇಳಿದ್ರೆ ಜಗಳೂರು ಅಂತ ಹೇಳ್ತೀನಿ ಬಿಡು” ಎಂದಳು.

ಆ ಪುಟವನ್ನು ನಾನೂ ತೆರೆದು ನೋಡಿದೆ. ಇದ್ದದ್ದು ನಾಲ್ಕೇ ಸಾಲು. ಕೆಳಗೆ ಆಧಾರವೆಂದು ಬ್ರಿಟಿಷರ ಕಾಲದ ಯಾವುದೋ ವರದಿ. ಹೆಸರನ್ನು ತಿದ್ದಿದೆ. ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಹಳೆಯದೇ ಮರಳಿತ್ತು. “ಹೊಸ ಸದಸ್ಯರಿಗೆ ಸ್ವಾಗತ. ದಯವಿಟ್ಟು ಪ್ರಕಟಿತ, ಸ್ವತಂತ್ರ ಆಧಾರ ನೀಡಿ” ಎಂಬ ಸೂಚನೆ ಇತ್ತು. ಸ್ವಾಗತವೇನೋ ಚೆನ್ನಾಗಿತ್ತು.

ಊರಿನ ಬೋರ್ಡಿನ ಫೋಟೊ ಹಾಕಿದೆ. ಊರಿನವರೇ ಹಾಕಿಕೊಂಡ ಬೋರ್ಡು ಸ್ವತಂತ್ರ ಆಧಾರವಲ್ಲ ಎಂದಿರಿ. ಸಾಲದ್ದಕ್ಕೆ, ಬೋರ್ಡಿನ ಮೇಲಿರುವ ಬೋಧಿವೃಕ್ಷದ ಚಿತ್ರಕ್ಕೆ ಕಲಾವಿದರ ಹಕ್ಕುಸ್ವಾಮ್ಯವಿದೆ, ಅವರ ಅನುಮತಿ ಬೇಕು ಎಂದು ಫೋಟೊವನ್ನೇ ತೆಗೆದಿರಿ. ಆ ಕಲಾವಿದರು ನಮ್ಮ ತಿಪ್ಪೇಶಪ್ಪ ಮಾವ. ಮನೆಗಳಿಗೆ ಬಣ್ಣ ಹೊಡೆಯುವವರು. ಕೇಳಿದ್ದಕ್ಕೆ, “ನಾನು ಬರೆದ ಗಿಡ ತೋರ್ಸಾಕೆ ನಾನು ಒಪ್ಪಿಗೆ ಕೊಡಬೇಕೇನವ್ವ? ಕೊಟ್ಟೀನಿ ಅಂತ ಹೇಳು” ಎಂದರು. ಹೇಳಿದೆ. ಕಲಾವಿದರು ತಮ್ಮದೇ ಇಮೇಲಿನಿಂದ ಬರೆಯಬೇಕು ಎಂದಿರಿ. ಮಾವನಿಗೆ ಇಮೇಲ್ ಇಲ್ಲ. ನಾನೇ ಒಂದನ್ನು ಮಾಡಿಕೊಟ್ಟು ಅವರಿಂದ ಬರೆಸಿ ಕಳಿಸಿದರೆ, ಅದು ನಿಜವಾಗಿಯೂ ಅವರದೇ ಎಂಬುದಕ್ಕೆ ಪುರಾವೆ ಏನು ಎಂದು ಕೇಳಿದಿರಿ.

ಆಮೇಲೆ ನಮ್ಮ ಸಮುದಾಯ ಭವನ ಉದ್ಘಾಟನೆಯಾದಾಗ ಹೊರತಂದಿದ್ದ ಸ್ಮರಣ ಸಂಚಿಕೆಯಿಂದ, ಹೆಸರು ಬದಲಾದ ಕಥೆಯ ಒಂದು ಭಾಗವನ್ನು ಪುಟಕ್ಕೆ ಸೇರಿಸಿದೆ. ಕೃತಿಚೌರ್ಯವೆಂದು ಕೆಂಪು ಎಚ್ಚರಿಕೆ ಬಂತು. ಸ್ವಾಮಿ, ಆ ಲೇಖನ ಬರೆದವಳು ನಾನೇ. ಹಾಗೆಂದು ತಿಳಿಸಿದ ಮೇಲೆ ಬಂದ ಉತ್ತರವನ್ನು ನಾನು ಬಾಯಿಪಾಠ ಮಾಡಿದ್ದೇನೆ: ಲೇಖನ ನಿಮ್ಮದಲ್ಲದಿದ್ದರೆ ಅದು ಹಕ್ಕುಸ್ವಾಮ್ಯದ ಉಲ್ಲಂಘನೆ, ನಿಮ್ಮದೇ ಆಗಿದ್ದರೆ ಅದು ಸ್ವತಂತ್ರ ಆಧಾರವಲ್ಲ. ಹೀಗೆ ಕಳ್ಳಿಯಾದರೂ ತಪ್ಪು, ಒಡತಿಯಾದರೂ ತಪ್ಪು. ನಾನು ಇನ್ನೇನಾಗಬೇಕಿತ್ತು?

ನಿಮ್ಮ ನಿಯಮಗಳನ್ನು ನಾನು ಹಳಿಯುವುದಿಲ್ಲ. ಎಲ್ಲಿಂದಲೋ ನಕಲು ಮಾಡಿ ತಂದ ಉತ್ತರಗಳಿಗೆ ಸೊನ್ನೆ ಕೊಡುವ ಅಧ್ಯಾಪಕಿ ನಾನು. ಆಧಾರ ಕೇಳದಿದ್ದರೆ ಪ್ರತಿಯೊಬ್ಬನೂ ತನ್ನ ತಾತನನ್ನು ರಾಜನನ್ನಾಗಿ ಮಾಡಿಕೊಂಡಾನು, ಅದೂ ಗೊತ್ತು. ಆದರೆ ಒಂದು ಪ್ರಶ್ನೆಗೆ ಉತ್ತರ ಕೊಡಿ. ಹೊರಗಿನವರು ಬರೆದದ್ದೇ ಆಧಾರ ಎನ್ನುತ್ತೀರಿ. ನಮ್ಮ ಊರಿನ ಬಗ್ಗೆ ಹೊರಗಿನವರು ಎಂದಾದರೂ ಬರೆದಿದ್ದಾರೆಯೇ? ಒಂದೇ ಸಲ, ಕುದುರೆಯ ಮೇಲಿಂದ ಇಳಿಯದೆ ಒಬ್ಬ ಅಧಿಕಾರಿ, ದೊಡ್ಡೂರಿನವರು ಹೇಳಿದ್ದನ್ನು ಬರೆದುಕೊಂಡು ಹೋದ. ಬೈದವರ ಮಾತು ಅಚ್ಚಾಯಿತು. ಬೈಸಿಕೊಂಡವರ ಮಾತಿಗೆ ಇನ್ನೂ ಆಧಾರ ಬೇಕಾಗಿದೆ.

ಕೊನೆಗೆ ನಿಮ್ಮ ನಿಯಮದ ಪ್ರಕಾರವೇ ನಡೆಯೋಣವೆಂದು ಜಗಳೂರಿನ ವರದಿಗಾರ ರಘುನಾಥ ಅವರನ್ನು ಕಂಡೆ. “ಹೆಸರಿನ ವಿಷಯ ಸುದ್ದಿ ಆಗಾಕಿಲ್ಲ ಮೇಡಂ, ಬೇರೆ ಏನಾದ್ರೂ ಐತೇನ್ರೀ?” ಎಂದರು. ಇತ್ತು. ನಮ್ಮ ಭವನದಲ್ಲಿ ವಯಸ್ಸಾದ ಹೆಂಗಸರು ಕೂತು ಓದಲು ಕಲಿಯುತ್ತಿದ್ದರು, ನನ್ನ ತಾಯಿಯೂ ಅವರಲ್ಲಿ ಒಬ್ಬಳು. ರಘುನಾಥ ಬಂದರು, ಎಲ್ಲರನ್ನೂ ಮಾತಾಡಿಸಿದರು, ಫೋಟೊ ತೆಗೆದರು. ಮೈತ್ರಿಪುರ ಎಂದು ನನ್ನ ಎದುರಿಗೇ ಬರೆದುಕೊಂಡರು.

ಭಾನುವಾರ ಪತ್ರಿಕೆ ಬಂತು. ಆ ದಿನ ನಾನು ಊರಿನಲ್ಲೇ ಇದ್ದೆ. ಓದಿ ಹೇಳುತ್ತೇನೆಂದರೂ ಅವ್ವ ಬಿಡಲಿಲ್ಲ. ತಾನೇ ಓದುತ್ತೇನೆಂದು ಕನ್ನಡಕ ಹಾಕಿಕೊಂಡು, ಶೀರ್ಷಿಕೆಯ ಮೇಲೆ ಬೆರಳಿಟ್ಟಳು. ಮೊದಲ ಅಕ್ಷರದಲ್ಲೇ ನಿಂತಳು. “ಇದು ‘ಮೈ’ ಅಲ್ಲ ಕಣೇ” ಎಂದಳು. ತಾನೇ ತಪ್ಪಾಗಿ ಓದಿದೆನೆಂದುಕೊಂಡು ಮತ್ತೆ ಮೊದಲಿನಿಂದ ಅಕ್ಷರ ಕೂಡಿಸಿದಳು. ಮೂರನೆಯ ಅಕ್ಷರಕ್ಕೆ ಬೆರಳು ತೆಗೆದು ಪತ್ರಿಕೆಯನ್ನು ಮಡಚಿಟ್ಟಳು. ಆಕೆ ಪತ್ರಿಕೆಯಲ್ಲಿ ಓದಿದ ಮೊದಲ ಪದ ಅದು.

ರಘುನಾಥ ಅವರಿಗೆ ಫೋನು ಮಾಡಿದೆ. ಅವರೂ ನೊಂದುಕೊಂಡಿದ್ದರು. “ನಾನು ಮೈತ್ರಿಪುರ ಅಂತಲೇ ಕಳ್ಸಿದ್ದೆ ಮೇಡಂ. ಆ ಹೆಸರಿನ ಊರು ಎಲ್ಲೂ ಸಿಗಲಿಲ್ಲ ಅಂತ ಆಫೀಸಿನೋರು ವಿಶ್ವಕೋಶ ನೋಡಿ ತಿದ್ಯಾರೆ. ತಪ್ಪಾಗೈತೆ ಅಂತ ಹಾಕ್ರಿ ಅಂದ್ರೆ, ಅಷ್ಟು ಸಣ್ಣದಕ್ಕೆ ಯಾಕೆ ಅಂತಾರೆ.” ತಿದ್ದುಪಡಿ ಬರಲೇ ಇಲ್ಲ. ಆದರೆ ನಿಮ್ಮ ಪುಟಕ್ಕೆ ಬರಬೇಕಾದದ್ದು ಬೇಗನೇ ಬಂತು. ಹಳೆಯ ಹೆಸರಿನ ಮುಂದೆ ಎರಡನೆಯ ಆಧಾರ: ಆ ಭಾನುವಾರದ ಪತ್ರಿಕೆ. ಪ್ರಕಟಿತ, ಸ್ವತಂತ್ರ, ಇತ್ತೀಚಿನದು. ಪತ್ರಿಕೆ ನಿಮ್ಮನ್ನು ನೋಡಿ ಬರೆಯಿತು, ನೀವು ಪತ್ರಿಕೆಯನ್ನು ನೋಡಿ ಬರೆದುಕೊಂಡಿರಿ. ನಡುವೆ ಇದ್ದ ಊರನ್ನು ಯಾರೂ ಕೇಳಲಿಲ್ಲ.

ನಾನು ಆ ಆಧಾರವನ್ನು ಅಳಿಸಿದೆ, ಯಾರೋ ಮತ್ತೆ ಹಾಕಿದರು. ಪುನಃ ಅಳಿಸಿದೆ. ವಿಶ್ವಾಸಾರ್ಹ ಆಧಾರವನ್ನು ಪದೇಪದೇ ತೆಗೆದದ್ದಕ್ಕಾಗಿ ನನ್ನ ಖಾತೆ ನಿಂತಿತು. ಅವ್ವ ಒಂದೇ ಮಾತು ಕೇಳಿದಳು: “ಅವರ ಮನೆ ತಾವ ಹೋಗಿ ಹೇಳಾಕೆ ಆಗಾಕಿಲ್ಲೇನು?” ಯಾರ ಮನೆಗೆ ಎಂದು ಹೇಳಲಿ? ಜಗಳೂರಿನ ಕಚೇರಿಯಾದರೆ ಬಾಗಿಲಲ್ಲಿ ಕೂರಬಹುದಿತ್ತು. ನಿಮಗೆ ಬಾಗಿಲೂ ಇಲ್ಲ. ಅವಳು ಭವನಕ್ಕೆ ಓದಲು ಹೋಗುವುದನ್ನು ಬಿಟ್ಟಿದ್ದಾಳೆ. ಕಣ್ಣು ಉರಿಯುತ್ತದೆ ಎನ್ನುತ್ತಾಳೆ.

ಹೆಸರು ಸರಿಪಡಿಸಿ ಎಂದು ಇನ್ನು ಕೇಳುವುದಿಲ್ಲ. ಆ ಶಕ್ತಿ ಮುಗಿದಿದೆ. ನನ್ನ ಬೇಡಿಕೆ ಇಷ್ಟೇ: ಆ ಪುಟವನ್ನು ಪೂರ್ತಿ ಅಳಿಸಿ. ಎರಡು ಆಧಾರಗಳಿರುವ ಪುಟವನ್ನು ಅಳಿಸಲು ಬರುವುದಿಲ್ಲ ಎಂದು ನೀವು ಹೇಳುವಿರೆಂದು ಗೊತ್ತಿದ್ದೂ ಕೇಳುತ್ತಿದ್ದೇನೆ. ಜಗತ್ತಿನ ಜ್ಞಾನದಲ್ಲಿ ನಮಗೆ ಜಾಗ ಬೇಡ. ಹುಡುಕಿದವರಿಗೆ ಏನೂ ಸಿಗದೇ ಹೋಗಲಿ. ಏನೂ ಸಿಗದಿದ್ದರೆ ಅವರು ನಮ್ಮ ಮಕ್ಕಳನ್ನೇ ಕೇಳಬೇಕಾಗುತ್ತದೆ. ಮಕ್ಕಳು ಹೇಳುತ್ತಾರೆ.

ಇಂತಿ,
ತನ್ನ ಊರಿಗೆ ತಾನು ಆಧಾರವಾಗಲಾರದ,
ಸಂಘಮಿತ್ರಾ
ಮೈತ್ರಿಪುರ (ಆಧಾರ ಸಿಕ್ಕಿಲ್ಲ)