ತುಂಬಿದ ತಂಬಿಗೆ

ಗಿಣಿಗೇರಾ
6 ಮಾರ್ಚ್ 2025

ಹನುಮಸಾಗರದ ನನ್ನ ಅವ್ವನಿಗೆ,

ದುರಗಮ್ಮಕ್ಕನ ಬಾಣಂತನದಲ್ಲಿ ನೀನು ಅವಳಿಗೆ ನೀರು ಕೊಡಲಿಲ್ಲ. ಅದು ತಪ್ಪು. ಫೋನಿನಲ್ಲಿ ಅಕ್ಕನ ಹೆಸರೆತ್ತಿದರೆ ಕಟ್ ಮಾಡುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ತಮ್ಮ ದುರಗೇಶನ ಕೈಯಲ್ಲಿ ಓದಿಸಬೇಡ. ಅಕ್ಷರ ಕೂಡಿಸಿ ನೀನೇ ಓದು.

ಎರಡು ವರ್ಷದ ಹಿಂದಿನ ಏಪ್ರಿಲ್ ಅದು. ಹೆತ್ತು ಬಂದವಳನ್ನು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಪಕ್ಕ ಮಲಗಿಸಿದೆ. ದಿನಾ ಹಂಡೆಗಟ್ಟಲೆ ಬಿಸಿನೀರು ಅವಳ ಮೈಮೇಲೆ ಸುರಿದೆ. ಬಾಯಿಗೆ ಮಾತ್ರ ಊಟವಾದ ಮೇಲೆ ಎರಡು ಗುಟುಕು. ಯಾಕೆಂದು ಕೇಳಿದರೆ, "ಹಸೀ ಮೈಯಾಗ ನೀರು ಕುಡದ್ರ ಹೊಟ್ಟಿ ಬರತೈತಿ, ಕೂಸಿಗೆ ಥಂಡಿ ಆಗತೈತಿ" ಎಂದೆ. ನಿನ್ನ ಅವ್ವ ನಿನಗೂ ಹಾಗೇ ಮಾಡಿದ್ದಳಂತೆ. ಒಂದು ದಿನ ಬಚ್ಚಲಲ್ಲಿ, ಕೆನ್ನೆಯ ಮೇಲೆ ಇಳಿಯುತ್ತಿದ್ದ ನೀರನ್ನು ಅಕ್ಕ ನಾಲಿಗೆ ಚಾಚಿ ಕುಡಿದಳು. ನೀನು ಗದರಿಸಿ ಅವಳ ಬಾಯಿ ಒರೆಸಿದೆ.

ಆಮೇಲೆ ಉರಿಮೂತ್ರ, ಜ್ವರ. ಹಾಲು ಬತ್ತಿತು. ಕುಷ್ಟಗಿಗೆ ಒಯ್ಯುವಾಗ ನನ್ನ ತೊಡೆಯ ಮೇಲೆ ತಲೆಯಿಟ್ಟು, "ಗೀತಾ, ಬಾಯಿ ಒಣಗೈತಿ ಬೇ" ಎಂದಳು. ಮತ್ತೆ ಮಾತಾಡಲಿಲ್ಲ. ನಂಜು ಮೈಗೆಲ್ಲ ಏರಿದೆ, ಮೈಯಲ್ಲಿ ನೀರೂ ಇಲ್ಲ ಎಂದರು ಆಸ್ಪತ್ರೆಯವರು. ನೀರೊಂದೇ ಅವಳನ್ನು ಉಳಿಸುತ್ತಿತ್ತೆಂದು ನಾನು ಹೇಳಲಾರೆ. ಆದರೆ ಬಾಯಾರಿ ಸತ್ತಳಲ್ಲ, ಅವ್ವಾ.

ಹಾಲೂಡಿಸುವ ತಾಯಿಗೆ ಬಾಯಾರಿಕೆ ಹೆಚ್ಚು, ಕೇಳಿದಾಗಲೆಲ್ಲ ಕಾಯಿಸಿ ಆರಿಸಿದ ನೀರು ಕೊಡಿ ಎಂದು ಆಶಾ ಕಾರ್ಯಕರ್ತೆ ಹಂಚಿದ ಕರಪತ್ರದಲ್ಲಿದೆ. ಅಂಥವನ್ನೆಲ್ಲ ನಾನು ಓಣಿಯ ಹೆಣ್ಣುಮಕ್ಕಳಿಗೆ ಓದಿ ಹೇಳುತ್ತೇನೆ. ನಿನ್ನ ಅಳಿಯ ಹನುಮೇಶ ಫ್ಯಾಕ್ಟರಿಯಿಂದ ಬಂದವನೇ "ಏನ್ರಿ ಕರಪತ್ರದ ಅಕ್ಕೋರ, ಇವತ್ತು ಯಾವ ಪಾಠ" ಎಂದು ಕೆಣಕುತ್ತಾನೆ. ಕೆಣಕಲಿ.

ಈಗ ನನಗೆ ಏಳು ತಿಂಗಳು. ಕುಬಸ ಮಾಡಿ ಕರೆದೊಯ್ಯುತ್ತೇನೆಂದು ಹೇಳಿಕಳಿಸಿದ್ದೀ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ನನಗೂ ಗೊತ್ತು. ಆದರೆ ಕೇಳಿದಾಗಲೆಲ್ಲ ನೀರು ಕೊಡುತ್ತೇನೆಂದು ನೀನು ಬಾಯಿಬಿಟ್ಟು ಹೇಳುವವರೆಗೆ ನಾನು ಆ ಹೊಸ್ತಿಲು ತುಳಿಯುವುದಿಲ್ಲ. ನನ್ನನ್ನು ಅತ್ತೆ ಇಲ್ಲೇ ನೋಡಿಕೊಳ್ಳುತ್ತಾರೆ. ಹದಿನೇಳನೇ ತಾರೀಖು ಕೊಪ್ಪಳದಲ್ಲಿ ನನ್ನ ತಪಾಸಣೆಯಿದೆ. ಬಂದು ಡಾಕ್ಟರಮ್ಮನನ್ನು ನೀನೇ ಕೇಳು.

ನಿನ್ನ ಉಳಿದ ಮಗಳು,
ಗೀತಾ

ತಾ.ಕ.: ದಿನಾ ಬೆಳಿಗ್ಗೆ ಅಕ್ಕನ ಫೋಟೋ ಮುಂದೆ ನೀನು ತುಂಬಿದ ತಂಬಿಗೆ ಇಡುತ್ತೀಯಂತೆ, ಯಾರಿಗೂ ಮುಟ್ಟಗೊಡುವುದಿಲ್ಲವಂತೆ. ದುರಗೇಶ ಹೇಳಿದ. ಹಾಗಾದರೆ ಮೇಲೆ ಬರೆದದ್ದೆಲ್ಲ ನಿನಗೆ ಆಗಲೇ ಗೊತ್ತು. ಅತ್ತೆ ನೋಡಿಕೊಳ್ಳುತ್ತಾರೆ ಎಂದದ್ದು ಸುಳ್ಳು; ಅವರೂ ಎರಡು ಗುಟುಕಿನವರೇ. ನನಗೆ ಹೆದರಿಕೆಯಾಗುತ್ತಿದೆ, ನೀನು ಬೇಕು. ನೀನು ಸಾಕುತ್ತಿರುವ ಅಕ್ಕನ ಕೂಸನ್ನೂ ಎತ್ತಿಕೊಂಡು ಬಾ. ಹದಿನೇಳು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆಗೆ ಕೊಪ್ಪಳದ ಬಸ್ ನಿಲ್ದಾಣದಲ್ಲಿ, ಕುಡಿಯುವ ನೀರಿನ ನಲ್ಲಿಯ ಹತ್ತಿರ ನಿಂತಿರುತ್ತೇನೆ.